ಚಿಕ್ಕ ಹ್ಯಾಚ್‌ಬ್ಯಾಕ್ ಕಾರಿಗೆ ಅಷ್ಟು ದುಡ್ಡು ಕೊಡಬಹುದಾ? ಮೈಸೂರು-ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಆಷಾಢ ಮುಗಿಯುವ ಹೊತ್ತಿಗೆ ಈ ಪ್ರಶ್ನೆಗಳು ಶುರುವಾಗುತ್ತವೆ. ಶ್ರಾವಣದಲ್ಲಿ ಬುಕ್ ಮಾಡಬೇಕು, ಆಯುಧಪೂಜೆ ಹೊತ್ತಿಗೆ ಮನೆ ಮುಂದೆ ಕಾರು ನಿಂತಿರಬೇಕು. ಕೇಳುವವರಲ್ಲಿ ಹೆಚ್ಚಿನವರು ಮೊದಲ ಸಲ ಕಾರು ಕೊಳ್ಳುವವರು. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವವರು, ಮಂಡ್ಯದ ಮೇಷ್ಟ್ರುಗಳು, ಕಬ್ಬಿನ ಬಿಲ್ ಕೈಗೆ ಬರಲಿ ನೋಡೋಣ ಅನ್ನುವ ರೈತರು. ಆಲ್ಟೋ, ವ್ಯಾಗನ್ ಆರ್, ಸೆಲೆರಿಯೊ, ಸ್ವಿಫ್ಟ್, ಟಿಯಾಗೊ, ಕ್ವಿಡ್, ಐ10 ನಿಯೋಸ್ ಥರದ ಕಾರುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದ ಉತ್ತರಗಳಿವು. ಲೆಕ್ಕದಲ್ಲಿ ಪೆಟ್ರೋಲ್ ಲೀಟರಿಗೆ 103 ರೂಪಾಯಿ ಹಿಡಿದಿದ್ದೇನೆ. ನಿಮ್ಮ ಬಂಕಿನ ಇವತ್ತಿನ ದರ ಹಾಕಿಕೊಂಡು ನೋಡಿ.

ಪ್ರಶ್ನೆ: ಜಾಹೀರಾತಲ್ಲಿ 6 ಲಕ್ಷ ಅಂತಾರೆ, ಶೋರೂಂನಲ್ಲಿ ಕೂತರೆ ಏಳೂಕಾಲು ದಾಟುತ್ತೆ. ಮಧ್ಯದ ದುಡ್ಡು ಎಲ್ಲಿಗೆ ಹೋಗುತ್ತೆ?

ದೊಡ್ಡ ಪಾಲು ಸರ್ಕಾರಕ್ಕೆ. ಕರ್ನಾಟಕದ ಜೀವಿತಾವಧಿ ತೆರಿಗೆ ದೇಶದಲ್ಲೇ ದುಬಾರಿ ತೆರಿಗೆಗಳ ಸಾಲಿನಲ್ಲಿದೆ. ಕಾರಿನ ಬೆಲೆ 5 ಲಕ್ಷದೊಳಗಿದ್ದರೆ ಶೇ 13, 5ರಿಂದ 10 ಲಕ್ಷದವರೆಗೆ ಶೇ 14, ಅದರ ಮೇಲೆ 20 ಲಕ್ಷದವರೆಗೆ ಶೇ 17. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. 6 ಲಕ್ಷದ ಕಾರಿಗೆ ತೆರಿಗೆ 84,000, ಸೆಸ್ 9,240, ಒಟ್ಟು 93,240 ರೂಪಾಯಿ. ವರ್ಷಕ್ಕೆ ಎರಡು ಸಲ ಹೊರಗೆ ತೆಗೆದರೂ ಅಷ್ಟೇ, ದಿನಾ ಓಡಿಸಿದರೂ ಅಷ್ಟೇ.

ಇದರಲ್ಲೊಂದು ಸೂಕ್ಷ್ಮ ಇದೆ. 5 ಲಕ್ಷದ ಗೆರೆ ದಾಟಿದರೆ ಶೇ 14 ಇಡೀ ಬೆಲೆಗೇ ಬೀಳುತ್ತದೆ, ದಾಟಿದ ಭಾಗಕ್ಕೆ ಮಾತ್ರ ಅಲ್ಲ. 4.98 ಲಕ್ಷದ ಕಾರಿಗೂ 5.05 ಲಕ್ಷದ ಕಾರಿಗೂ ಬೆಲೆಯಲ್ಲಿ 7,000 ರೂಪಾಯಿ ವ್ಯತ್ಯಾಸ ಇದ್ದರೆ, ತೆರಿಗೆಯಲ್ಲೇ ಸುಮಾರು 6,600 ರೂಪಾಯಿ ಹೆಚ್ಚಾಗುತ್ತದೆ. ಆ ಗೆರೆಯ ಆಸುಪಾಸಿನ ವೇರಿಯಂಟ್ ನೋಡುತ್ತಿದ್ದರೆ ಕ್ಯಾಲ್ಕುಲೇಟರ್ ಹಿಡಿದೇ ಕೂರಿ.

ಆಮೇಲಿನದು ವಿಮೆ. ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ, ಕಡ್ಡಾಯ. 2022ರಲ್ಲಿ ನಿಗದಿಯಾದ ದರದಂತೆ 1000 ಸಿಸಿ ಒಳಗಿನ ಎಂಜಿನ್‌ಗೆ 6,521 ರೂಪಾಯಿ, 1000ದಿಂದ 1500 ಸಿಸಿಗೆ 10,640 ರೂಪಾಯಿ. ಇದರಲ್ಲಿ ಚೌಕಾಸಿ ಇಲ್ಲ. ಚೌಕಾಸಿ ಇರುವುದು ಸ್ವಂತ ಹಾನಿಯ ಭಾಗದಲ್ಲಿ, ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಕ್ಲೇಮ್ ಕೊಡುವುದು) ಥರದ ಸೇರ್ಪಡೆಗಳಲ್ಲಿ. ಶೋರೂಂನವರು ಹೇಳಿದ ವಿಮೆಯನ್ನೇ ತಗೋಬೇಕು ಅಂತ ಯಾವ ಕಾನೂನೂ ಇಲ್ಲ. ಹೊರಗಿನಿಂದ ಒಂದು ಕೊಟೇಶನ್ ತಂದು ಮೇಜಿನ ಮೇಲೆ ಇಡಿ, ಅವರ ದರ ಅಲ್ಲೇ ಇಳಿಯುತ್ತದೆ. ‘ಹ್ಯಾಂಡ್ಲಿಂಗ್ ಚಾರ್ಜ್’ ಅಂತ ಒಂದು ಸಾಲು ಕಂಡರೆ ಅದು ಯಾವ ಸೇವೆಗೆ ಅಂತ ಕೇಳಿ, ತೆಗೆಸಿ. ಮ್ಯಾಟು, ಸೀಟ್ ಕವರ್, ಮಡ್ ಫ್ಲ್ಯಾಪ್ ಹೊರಗಡೆ ಹಾಕಿಸಿದರೆ ಕಡಿಮೆಗೆ ಆಗುತ್ತದೆ.

ಪ್ರಶ್ನೆ: ಜಿಎಸ್‌ಟಿ ಇಳಿದ ಮೇಲೆ ಅಗ್ಗ ಆಯ್ತಲ್ಲ?

ಆಯಿತು. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಶೇ 18 ಜಿಎಸ್‌ಟಿ. ಮೊದಲು ಶೇ 28ರ ಜೊತೆ ಶೇ 1 ಸೆಸ್ ಇತ್ತು. ಪೂರ್ತಿ ಲಾಭ ಗ್ರಾಹಕರಿಗೆ ದಾಟಿದರೆ ಬೆಲೆ ಸುಮಾರು ಶೇ 8.5 ಇಳಿಯುತ್ತದೆ. ಆರೂವರೆ ಲಕ್ಷದ ಕಾರಿಗೆ 55,000 ರೂಪಾಯಿ ಅಂತಿಟ್ಟುಕೊಳ್ಳಿ. ಬೆಲೆ ಇಳಿದಿದ್ದರಿಂದ ಜೀವಿತಾವಧಿ ತೆರಿಗೆಯಲ್ಲೂ ಎಂಟೂವರೆ ಸಾವಿರ ಉಳಿಯುತ್ತದೆ. ನೆನಪಿಡಬೇಕಾದ್ದು ಏನೆಂದರೆ, 4 ಮೀಟರ್ ಒಳಗಿನ ಎಸ್‌ಯುವಿ ಆಕಾರದ ಕಾರುಗಳಿಗೂ ಇದೇ ರಿಯಾಯಿತಿ ಸಿಕ್ಕಿದೆ. ಹಾಗಾಗಿ ಹ್ಯಾಚ್‌ಬ್ಯಾಕಿಗೆ ಮಾತ್ರ ಅನುಕೂಲ ಆಯಿತು ಅನ್ನುವ ಹಾಗಿಲ್ಲ.

ಪ್ರಶ್ನೆ: ಕೊಟ್ಟ ದುಡ್ಡಿಗೆ ತಕ್ಕುದೋ ಅಲ್ಲವೋ ಅಂತ ಅಳೆಯೋದು ಹೇಗೆ?

ಕಿಲೋಮೀಟರ್ ಲೆಕ್ಕದಲ್ಲಿ. ಇಎಂಐ ಎಷ್ಟು ಅಂತ ನೋಡಿದರೆ ಯಾವ ಕಾರೂ ಕೈಗೆಟುಕುವ ಹಾಗೇ ಕಾಣುತ್ತದೆ.

ಆನ್‌ರೋಡ್, ಅಂದರೆ ತೆರಿಗೆ ವಿಮೆ ಎಲ್ಲ ಸೇರಿ, 7.3 ಲಕ್ಷದ ಕಾರು ಅಂತ ಇಟ್ಟುಕೊಳ್ಳೋಣ. 8 ವರ್ಷ ಓಡಿಸಿ ಎರಡೂವರೆ ಲಕ್ಷಕ್ಕೆ ಮಾರಿದಿರಿ. ಕರಗಿದ್ದು 4.8 ಲಕ್ಷ, ವರ್ಷಕ್ಕೆ 60,000. ವಿಮೆಗೆ 12,000, ಸರ್ವಿಸ್ಸು ಟೈರು ಬ್ಯಾಟರಿ ಸೇರಿಸಿ ಸರಾಸರಿ 12,000. ಕಾರು ಅಲ್ಲಾಡದೆ ನಿಂತರೂ ಹೆಚ್ಚುಕಡಿಮೆ 84,000 ರೂಪಾಯಿ ಹೋಗುತ್ತದೆ. ಊರೊಳಗೆ ಲೀಟರಿಗೆ 16 ಕಿಲೋಮೀಟರ್ ಕೊಟ್ಟರೆ ಪೆಟ್ರೋಲ್ ಖರ್ಚು ಕಿಲೋಮೀಟರಿಗೆ ಆರೂವರೆ ರೂಪಾಯಿ ಹತ್ತಿರ.

ವರ್ಷಕ್ಕೆ 5,000 ಕಿಲೋಮೀಟರ್ ಓಡಿಸುವವರಿಗೆ ಒಟ್ಟು ಖರ್ಚು 1.16 ಲಕ್ಷ, ಅಂದರೆ ಕಿಲೋಮೀಟರಿಗೆ 23 ರೂಪಾಯಿ. ವರ್ಷಕ್ಕೆ 12,000 ಕಿಲೋಮೀಟರ್ ಓಡಿಸುವವರಿಗೆ, ಸರ್ವಿಸ್‌ಗೆ ಇನ್ನೊಂದೈದು ಸಾವಿರ ಸೇರಿಸಿದರೂ, 14 ರೂಪಾಯಿ. ಸಾಲದ ಬಡ್ಡಿ ಇದರಲ್ಲಿ ಇಲ್ಲ. ನಿಮ್ಮ ಬೀದಿಯ ಬಾಡಿಗೆ ಕಾರಿನವರನ್ನು ಕಿಲೋಮೀಟರಿಗೆ ಎಷ್ಟು ಅಂತ ಕೇಳಿ, ಈ ಎರಡು ಅಂಕಿಗಳ ಪಕ್ಕ ಇಟ್ಟು ನೋಡಿ.

ನನ್ನ ಅಭಿಪ್ರಾಯ ಇಷ್ಟು: ವರ್ಷಕ್ಕೆ 8,000 ಕಿಲೋಮೀಟರ್ ಮೇಲೆ ಓಡುವ ಮನೆಗೆ ಹೊಸ ಹ್ಯಾಚ್‌ಬ್ಯಾಕ್ ಬೆಲೆಗೆ ತಕ್ಕ ವಸ್ತು. 5,000ದ ಒಳಗಿದ್ದರೆ ಒಂದೋ ಸೆಕೆಂಡ್ ಹ್ಯಾಂಡ್ ನೋಡಿ, ಇಲ್ಲ ಬಾಡಿಗೆಯಲ್ಲೇ ಕಳೆಯಿರಿ. ಆದರೆ ಮನೆಯಲ್ಲಿ ಡಯಾಲಿಸಿಸ್‌ಗೆ ಹೋಗುವವರೋ ಹಾಸಿಗೆ ಹಿಡಿದ ಹಿರಿಯರೋ ಇದ್ದರೆ ಈ ಲೆಕ್ಕವನ್ನೆಲ್ಲ ಪಕ್ಕಕ್ಕಿಡಿ. ರಾತ್ರಿ ಎರಡು ಗಂಟೆಗೆ ಬಾಗಿಲಲ್ಲಿ ನಿಂತಿರುವ ಕಾರಿಗೆ ಕಿಲೋಮೀಟರಿನ ದರ ಕಟ್ಟೋಕೆ ಬರುವುದಿಲ್ಲ.

ಪ್ರಶ್ನೆ: ಮಂಡ್ಯದಿಂದ ಮೈಸೂರಿಗೆ ದಿನಾ ಓಡಾಡ್ತೀನಿ. ಕಾರು ತಗೊಂಡ್ರೆ ಗಿಟ್ಟುತ್ತಾ?

ಒಬ್ಬರೇ ಓಡಾಡುವುದಾದರೆ ಗಿಟ್ಟುವುದಿಲ್ಲ. ಸುಮಾರು 45 ಕಿಲೋಮೀಟರ್ ದೂರ, ಹೋಗಿ ಬಂದರೆ 90, ಪೆಟ್ರೋಲ್ ಒಂದಕ್ಕೇ ದಿನಕ್ಕೆ 500 ರೂಪಾಯಿ ಆಸುಪಾಸು. ರೈಲಿನ ಪಾಸಿಗೆ ಇದು ಎಲ್ಲೂ ಹೋಲಿಕೆಯೇ ಅಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಕಾರಿನ ಜೊತೆ ಪೈಪೋಟಿ ಮಾಡುತ್ತಿರುವುದು ಸೊನ್ನೆ ರೂಪಾಯಿಯ ಟಿಕೆಟ್ಟು.

ಮೂರು ನಾಲ್ಕು ಜನ ಸಹೋದ್ಯೋಗಿಗಳು ಪೆಟ್ರೋಲ್ ಹಂಚಿಕೊಂಡು ಹೋಗುವುದಾದರೆ ಮಾತು ಬೇರೆ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶ ಇಲ್ಲ. ಬೈಕಿನವರು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ‘ಬೈಕಲ್ಲಿ ಸಾಕಾಯ್ತು’ ಅಂತ ಕಾರಿನ ಕಡೆ ತಿರುಗಿದವರು ಈ ಭಾಗದಲ್ಲಿ ಬಹಳ. ಅಂಥವರು ಗಣಂಗೂರು ಟೋಲ್ ಲೆಕ್ಕವನ್ನೂ ಹಾಕಿಕೊಳ್ಳಬೇಕು. ಸ್ವಂತ ಕಾರಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಇದೆ. 2025ರ ಆಗಸ್ಟ್ 15ಕ್ಕೆ ಶುರುವಾದಾಗ 3,000 ರೂಪಾಯಿಗೆ 200 ಸಂಚಾರ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ದಿನಾ ಎರಡು ಸಲ ದಾಟುವವರಿಗೆ 200 ಸಂಚಾರ ನೂರು ದಿನಕ್ಕೆ ಮುಗಿಯುತ್ತದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಬೇರೆಯವರ ತಲೆನೋವು ಕೊಂಡ ಹಾಗಲ್ವಾ?

ಈ ಭಯ ಹಳೆಯದು, ಮತ್ತು ಅರ್ಧ ಮಾತ್ರ ನಿಜ. ಕರ್ನಾಟಕದಲ್ಲಿ ಸೆಕೆಂಡ್ ಹ್ಯಾಂಡ್ ಕಾರಿಗೆ ಬೇರೆ ಕಡೆಗಿಂತ ಹೆಚ್ಚು ಅರ್ಥ ಇದೆ ಅನ್ನುವುದು ನನ್ನ ವಾದ, ಕಾರಣ ಅದೇ ಜೀವಿತಾವಧಿ ತೆರಿಗೆ. ಮೊದಲ ಮಾಲೀಕರು ಕಟ್ಟಿದ ಆ 93,000 ರೂಪಾಯಿ ಕಾರಿನ ಜೊತೆಗೇ ಬರುತ್ತದೆ. ರಾಜ್ಯದೊಳಗೆ ಹೆಸರು ಬದಲಾದರೆ ಮತ್ತೆ ಕಟ್ಟಬೇಕಿಲ್ಲ. ನಾಲ್ಕು ವರ್ಷದ ಹಳೆಯ ಕಾರನ್ನು 4.3 ಲಕ್ಷಕ್ಕೆ ಕೊಂಡು, ಐದು ವರ್ಷ ಓಡಿಸಿ 2.2 ಲಕ್ಷಕ್ಕೆ ಮಾರಿದರೆ ವರ್ಷಕ್ಕೆ ಕರಗುವುದು 42,000. ಹೊಸದಕ್ಕೆ 60,000 ಇತ್ತಲ್ಲ. ಅದರ ಜೊತೆ 3 ಲಕ್ಷ ಬ್ಯಾಂಕಿನಲ್ಲೇ ಉಳಿದಿರುತ್ತದೆ, ಅಥವಾ ಅಷ್ಟು ಸಾಲ ಕಡಿಮೆ ಆಗಿರುತ್ತದೆ. ರಿಪೇರಿಗೆ ವರ್ಷಕ್ಕೆ ಮೂರು ಸಾವಿರ ಹೆಚ್ಚು ಹೋದರೂ ಚಿಂತೆಯಿಲ್ಲ.

ನಂಬರ್ ಪ್ಲೇಟ್ ಓದುವುದನ್ನು ಕಲಿಯಿರಿ. ಕೆಎ-09 ಮೈಸೂರು ಪಶ್ಚಿಮ, ಕೆಎ-55 ಮೈಸೂರು ಪೂರ್ವ, ಕೆಎ-11 ಮಂಡ್ಯ, ಕೆಎ-45 ಹುಣಸೂರು, ಕೆಎ-54 ನಾಗಮಂಗಲ. ನಮ್ಮೂರ ಕಾರು ಅಂದರೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕ್ಲಚ್ ಸವೆಸಿಕೊಂಡಿಲ್ಲ ಅನ್ನುವ ಒಂದು ಸಮಾಧಾನ. ಗ್ಯಾರಂಟಿ ಏನಲ್ಲ. ಕೆಎಲ್ ಅಥವಾ ಟಿಎನ್ ಪ್ಲೇಟಿನ ಕಾರು ಐವತ್ತು ಸಾವಿರ ಕಡಿಮೆಗೆ ಸಿಗುತ್ತಿದೆ ಅಂದರೆ ಹಿಗ್ಗಬೇಡಿ. ಇಲ್ಲಿ ನೋಂದಣಿ ಮಾಡಿಸುವಾಗ ಕಾರಿನ ವಯಸ್ಸಿಗೆ ತಕ್ಕಂತೆ ಕರ್ನಾಟಕದ ತೆರಿಗೆ ಕಟ್ಟಬೇಕು, ಎನ್‌ಒಸಿಗೆ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಓಡಾಡಬೇಕು.

ನೋಡುವ ಕ್ರಮ ಹೀಗಿರಲಿ. ಮೊದಲು ಕಾಗದ, ಆಮೇಲೆ ಕಾರು. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ನಮೂದಾಗಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆ ನಮೂದು ತೆಗೆಸುವ ಫಾರಂ 35 ಇಲ್ಲದೆ ಮುಂಗಡ ಕೊಡಬೇಡಿ. ಹೆಸರು ಬದಲಾವಣೆಗೆ ಫಾರಂ 29, 30. ಬಾಕಿ ಚಲನ್ ಎಷ್ಟಿದೆ ಅಂತ ಆನ್‌ಲೈನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಆ ಗಾಡಿಯ ಹಳೆಯ ದಾಖಲೆ ಇರುತ್ತದೆ, ಮಾಲೀಕರನ್ನೇ ಜೊತೆಗೆ ಕರೆದುಕೊಂಡು ಹೋಗಿ ತೆಗೆಸಿ. ಮೀಟರಿನಲ್ಲಿ 38,000 ಅಂತ ಇದ್ದು, ಎರಡು ವರ್ಷದ ಹಿಂದಿನ ಸರ್ವಿಸ್ ಬಿಲ್ಲಿನಲ್ಲಿ 61,000 ಅಂತ ಇದ್ದರೆ ಮಾತಾಡದೆ ಎದ್ದು ಬನ್ನಿ.

ಕಾರು ನೋಡುವಾಗ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗೆ ಒಣಗಿದ ಕೆಸರಿನ ಗೆರೆ ಇದ್ದರೆ ಅದು ನೀರಲ್ಲಿ ನಿಂತ ಗಾಡಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ: 2322 ಅಂದರೆ 2022ರ 23ನೇ ವಾರ ತಯಾರಾದದ್ದು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ನಿಮ್ಮ ಮೆಕ್ಯಾನಿಕ್ಕಿಗೆ ಸಾವಿರ ರೂಪಾಯಿ ಕೊಟ್ಟು ಕರೆದುಕೊಂಡು ಹೋಗಿ, ಮಾರುವವರು ತೋರಿಸಿದ ಮೆಕ್ಯಾನಿಕ್ಕಿಗೆ ಅಲ್ಲ. ಕೊಂಡ ಮೇಲೆ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಸಿಗುವ ವಿಮೆಯ ರಿಯಾಯಿತಿ) ನಿಮಗೆ ಬರುವುದಿಲ್ಲ, ಅದು ಅವರದ್ದು.

ಪ್ರಶ್ನೆ: ಬೇಸ್ ಸಾಕಾ, ಟಾಪ್ ಎಂಡೇ ಬೇಕಾ?

ಮಧ್ಯದ್ದು. ಬೇಸ್ ವೇರಿಯಂಟ್ ತಗೊಂಡು ಹೊರಗಡೆ ಪವರ್ ವಿಂಡೋ, ಸೆಂಟ್ರಲ್ ಲಾಕ್, ಸ್ಟೀರಿಯೊ ಹಾಕಿಸುವವರು ವೈರಿಂಗ್ ಕತ್ತರಿಸಿ ವಾರಂಟಿಗೆ ಕುತ್ತು ತಂದುಕೊಳ್ಳುತ್ತಾರೆ. ಟಾಪ್ ಎಂಡಿಗೆ ಕೊಟ್ಟ ಹೆಚ್ಚಿನ ದುಡ್ಡು ಮಾರುವಾಗ ಹೆಚ್ಚುಕಡಿಮೆ ಮಾಯ. ಅಲಾಯ್ ವೀಲ್ ಇದೆ ಅಂತ ಎಂಟು ವರ್ಷದ ಮೇಲೆ ಯಾರೂ ಮೂವತ್ತು ಸಾವಿರ ಜಾಸ್ತಿ ಕೊಡುವುದಿಲ್ಲ. ಹಿಂದಿನ ಗಾಜಿಗೆ ವೈಪರ್ ಇರುವ ವೇರಿಯಂಟ್ ಸಿಕ್ಕರೆ ಮಾತ್ರ ಸ್ವಲ್ಪ ಯೋಚಿಸಿ. ಮಳೆಗಾಲದಲ್ಲಿ ಹ್ಯಾಚ್‌ಬ್ಯಾಕಿನ ಹಿಂಬದಿ ಗಾಜು ಕೆಸರು ತುಂಬಿಕೊಳ್ಳುವುದು ಇದ್ದದ್ದೇ.

ಪ್ರಶ್ನೆ: ಇನ್ನೊಂದೂವರೆ ಲಕ್ಷ ಹಾಕಿದ್ರೆ ಎತ್ತರದ ಎಸ್‌ಯುವಿ ಥರದ್ದೇ ಬರುತ್ತೆ ಅಂತಾನೆ ಭಾಮೈದ.

ಭಾಮೈದನ ಬಾಯಿಂದ ಬರುವ ಮಾತೇ ಅದು. ಒಂದೂವರೆ ಲಕ್ಷಕ್ಕೆ ತೆರಿಗೆ ಮತ್ತು ಸೆಸ್ ಸೇರಿ 23,000, ಹೆಚ್ಚಿನ ವಿಮೆ, ಸಾಲದ ಮೇಲೆ ಬಡ್ಡಿ. ಕೈಬಿಡುವುದು ಎರಡು ಲಕ್ಷದ ಹತ್ತಿರ. ಅದಕ್ಕೆ ಪ್ರತಿಯಾಗಿ ಹಲವು ಸಲ ಸಿಗುವುದು ಅದೇ 1.2 ಲೀಟರ್ ಎಂಜಿನ್ನು, ಸ್ವಲ್ಪ ಎತ್ತರದ ಬಾಡಿ, ನೋಡಿದವರ ‘ಏನ್ ಗುರು, ದೊಡ್ಡ ಗಾಡಿ’ ಅನ್ನುವ ಮಾತು. ಜಾಗದ ವಿಷಯಕ್ಕೆ ಬಂದರೆ ವ್ಯಾಗನ್ ಆರ್‌ನ ಡಿಕ್ಕಿ 341 ಲೀಟರ್, ಸ್ವಿಫ್ಟ್‌ನದ್ದು 265, ಟಿಯಾಗೊದ್ದು 242, ಆಲ್ಟೋ ಕೆ10ರದ್ದು 214. ಅಂದರೆ ಹ್ಯಾಚ್‌ಬ್ಯಾಕ್‌ಗಳ ನಡುವೆಯೇ ಇಷ್ಟು ಅಂತರ ಇದೆ. ಮೊಣಕಾಲು ನೋವಿನ ಅಮ್ಮ ಮನೆಯಲ್ಲಿದ್ದರೆ ಶೋರೂಂಗೆ ಅವರನ್ನೇ ಕರೆದುಕೊಂಡು ಹೋಗಿ ಹತ್ತಿಳಿಸಿ ನೋಡಿ. ಸೀಟು ಎತ್ತರದಲ್ಲಿರುವ ಕಾರಿಗೆ ಆ ಒಂದು ಕಾರಣಕ್ಕೆ ಹೆಚ್ಚು ಕೊಡುವುದು ನ್ಯಾಯ.

ಪ್ರಶ್ನೆ: ಹಳ್ಳಿ ರಸ್ತೆಗೆ ಚಿಕ್ಕ ಕಾರು ತಡೆಯುತ್ತಾ? ಹಂಪ್ಸ್‌ಗೆಲ್ಲ ಹೊಟ್ಟೆ ತಾಗುತ್ತಲ್ಲ.

ಕ್ವಿಡ್ ನೆಲದಿಂದ 184 ಮಿಲಿಮೀಟರ್ ಎತ್ತರ, ಎಸ್-ಪ್ರೆಸ್ಸೊ 180, ಟಿಯಾಗೊ 170, ಸ್ವಿಫ್ಟ್ 163. ಖಾಲಿ ಕಾರಿನ ಅಂಕಿಗಳಿವು. ಐದು ಜನ ಕೂತು ಡಿಕ್ಕಿಯಲ್ಲಿ ತೆಂಗಿನಕಾಯಿ ಮೂಟೆ ಇಟ್ಟರೆ ತಗ್ಗುತ್ತದೆ. ಊರಿನವರೇ ಮಣ್ಣು ಸಿಮೆಂಟು ಸೇರಿಸಿ ಕಟ್ಟಿದ ಹಂಪ್ಸ್ ಇರುವ ದಾರಿಯಲ್ಲಿ ದಿನಾ ಓಡಾಡುವುದಾದರೆ 170ಕ್ಕಿಂತ ಮೇಲಿನದನ್ನು ನೋಡಿ. ಉಳಿದವರು ನಿಧಾನಕ್ಕೆ ಓರೆಯಾಗಿ ಹತ್ತಿಸಿದರೆ ಆಯಿತು.

ಅದಕ್ಕಿಂತ ದೊಡ್ಡ ಅಪಾಯ ಸುಗ್ಗಿ ಕಾಲದಲ್ಲಿದೆ. ಡಾಂಬರು ರಸ್ತೆಯನ್ನೇ ಕಣ ಮಾಡಿಕೊಂಡು ರಾಗಿ, ಹುರುಳಿ ಹಾಸಿರುತ್ತಾರೆ. ಹುರುಳಿ ಬಳ್ಳಿ ಕಾರಿನ ಅಡಿಯಲ್ಲಿ ಸುತ್ತಿಕೊಂಡು ಸೈಲೆನ್ಸರ್ ಶಾಖಕ್ಕೆ ಹೊತ್ತಿಕೊಳ್ಳುತ್ತದೆ, ಕಾರುಗಳು ಸುಟ್ಟುಹೋದ ಪ್ರಸಂಗಗಳು ಈ ಸೀಮೆಯಲ್ಲಿ ಆಗಿವೆ. ಒಕ್ಕಣೆ ಕಂಡರೆ ಪಕ್ಕಕ್ಕೆ ಸರಿಸಲು ಹೇಳಿ, ಆಗದಿದ್ದರೆ ಸುತ್ತು ಹಾಕಿ. ಹಾದು ಹೋಗಲೇಬೇಕಾಗಿ ಬಂದರೆ ಮುಂದೆ ನಿಲ್ಲಿಸಿ, ಬಗ್ಗಿ ನೋಡಿ.

ಪ್ರಶ್ನೆ: ಎಕ್ಸ್‌ಪ್ರೆಸ್‌ವೇನಲ್ಲಿ ಚಿಕ್ಕ ಕಾರು ಸೇಫಾ? ಲಾರಿ ಪಕ್ಕ ಹೋದ್ರೆ ಅಲ್ಲಾಡುತ್ತಂತೆ.

ಹಗುರ ಕಾರು ಅಲ್ಲಾಡುತ್ತದೆ, ನಿಜ. 80-90ರಲ್ಲಿ ಹೋದರೆ ತೊಂದರೆ ಇಲ್ಲ. ಆ ರಸ್ತೆಯ ಮಿತಿಯೇ ಗಂಟೆಗೆ 100, ಕ್ಯಾಮೆರಾಗಳೂ ಇವೆ.

ಡಿಕ್ಕಿಯಾದರೆ ಏನು ಅನ್ನುವುದು ಬೇರೆ ಪ್ರಶ್ನೆ, ಅದರಲ್ಲಿ ಚಿಕ್ಕ ಕಾರುಗಳೆಲ್ಲ ಒಂದೇ ಅಲ್ಲ. ಕಾರನ್ನು ಡಿಕ್ಕಿ ಹೊಡೆಸಿ 5 ನಕ್ಷತ್ರದವರೆಗೆ ಅಂಕ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 2020ರಲ್ಲಿ ಟಿಯಾಗೊಗೆ 4, ಆಲ್ಟ್ರೋಜ್‌ಗೆ 5 ನಕ್ಷತ್ರ ಬಂದವು. 2023ರಲ್ಲಿ, ನಿಯಮ ಇನ್ನಷ್ಟು ಬಿಗಿಯಾದ ಮೇಲೆ, ದೊಡ್ಡವರ ರಕ್ಷಣೆಯಲ್ಲಿ ಆಲ್ಟೋ ಕೆ10ಕ್ಕೆ 2, ವ್ಯಾಗನ್ ಆರ್‌ಗೆ 1. ಆ ಎರಡಕ್ಕೂ 2025ರಲ್ಲಿ 6 ಏರ್‌ಬ್ಯಾಗ್ ಬಂದಿವೆ. ಒಳ್ಳೆಯದೇ, ಆದರೆ ಏರ್‌ಬ್ಯಾಗ್ ಎಷ್ಟಿದ್ದರೂ ಬಾಡಿಯ ಗಟ್ಟಿತನ ಬೇರೆ ವಿಷಯ. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ನಿಮ್ಮ ಪಟ್ಟಿಯ ಕಾರಿಗೆ ಯಾವ ವರ್ಷ ಎಷ್ಟು ಬಂತು ನೋಡಿ. ಹೆದ್ದಾರಿಯಲ್ಲಿ ವಾರವಾರವೂ ಹೋಗುವ ಮನೆಯಾದರೆ, ಲೀಟರಿಗೆ ಎರಡು ಕಿಲೋಮೀಟರ್ ಕಡಿಮೆ ಕೊಟ್ಟರೂ ಹೆಚ್ಚು ನಕ್ಷತ್ರದ ಕಾರನ್ನೇ ನಾನು ಹೇಳುವುದು.

ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ ಸುತ್ತಮುತ್ತ ಹಿಂದೀಪ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್‌ಗಳು ರಾತ್ರಿ ಎದುರಾಗುತ್ತವೆ. ಟೆಸ್ಟ್ ಡ್ರೈವನ್ನು ಸಂಜೆ ಏಳರ ಮೇಲೆ ಕೇಳಿ, ಹೆಡ್‌ಲೈಟ್ ಎಷ್ಟು ದೂರ ಬೀಳುತ್ತದೆ ಅಂತ ನೋಡಿ. ಬೆಳಗಿನ ಟೆಸ್ಟ್ ಡ್ರೈವಿನಲ್ಲಿ ಇದು ಗೊತ್ತಾಗುವುದೇ ಇಲ್ಲ.

ಪ್ರಶ್ನೆ: ಕಂಪನಿ 24 ಅನ್ನುತ್ತೆ, ಎಲ್ಲರೂ 16 ಅಂತಾರೆ. ಯಾರು ಸುಳ್ಳು?

ಯಾರೂ ಅಲ್ಲ. ಕಂಪನಿಯ ಅಂಕಿ ಪ್ರಯೋಗಾಲಯದ ರೋಲರ್ ಮೇಲೆ ಬಂದದ್ದು. ಸಯ್ಯಾಜಿರಾವ್ ರಸ್ತೆಯಲ್ಲಿ ಎಸಿ ಹಾಕಿಕೊಂಡು ದಸರಾ ಜನದ ಮಧ್ಯೆ ತೆವಳಿದ್ದಲ್ಲ. ಊರೊಳಗೆ 14-17, ಹೆದ್ದಾರಿಯಲ್ಲಿ ಸಮಾಧಾನವಾಗಿ ಹೋದರೆ 20ರ ಮೇಲೆ. ಈಗ ಬಂಕುಗಳಲ್ಲಿ ಸಿಗುವ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೂ ಮೈಲೇಜ್ ತುಸು ಕಡಿಮೆ. ಎಥೆನಾಲಿಗೆ ಒಂದು ಮೂಲ ಕಬ್ಬು, ಹಾಗಾಗಿ ಮಂಡ್ಯದವರು ಬೈಯುವ ಮೊದಲು ಎರಡು ಸಲ ಯೋಚಿಸಬೇಕಾಗುತ್ತದೆ! 2023ರ ಏಪ್ರಿಲ್‌ಗಿಂತ ಹಿಂದಿನ ಸೆಕೆಂಡ್ ಹ್ಯಾಂಡ್ ಕಾರಾದರೆ ಅದು ಈ ಪೆಟ್ರೋಲಿಗೆ ಹೊಂದುತ್ತದೆಯೇ ಅಂತ ಮಾಲೀಕರ ಕೈಪಿಡಿಯಲ್ಲಿ ನೋಡಿ, ರಬ್ಬರ್ ಪೈಪುಗಳನ್ನು ಮೆಕ್ಯಾನಿಕ್ಕಿಗೆ ತೋರಿಸಿ.

ಪ್ರಶ್ನೆ: ಸಿಎನ್‌ಜಿ ತಗೊಳ್ಳಲಾ?

ಓಡಾಟ ಹೆಚ್ಚಿದ್ದರೆ. ಸಿಎನ್‌ಜಿ ಮಾದರಿಗೆ 90,000 ಹೆಚ್ಚು ಕೊಟ್ಟು, ಕಿಲೋಮೀಟರಿಗೆ 3 ರೂಪಾಯಿ ಉಳಿಸಿದರೆ, ಆ ದುಡ್ಡು ಹುಟ್ಟುವುದು 30,000 ಕಿಲೋಮೀಟರ್ ಆದ ಮೇಲೆ. ವರ್ಷಕ್ಕೆ 5,000 ಓಡಿಸುವವರು ಆರು ವರ್ಷ ಕಾಯಬೇಕು. ಸಿಲಿಂಡರ್ ಡಿಕ್ಕಿಯನ್ನು ನುಂಗುತ್ತದೆ. ಟಾಟಾ, ಹುಂಡೈ ಎರಡು ಚಿಕ್ಕ ಸಿಲಿಂಡರ್ ಇಟ್ಟು ಸ್ವಲ್ಪ ಜಾಗ ಉಳಿಸಿವೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ ಮಾಡಿಸಬೇಕು. ನಿಮ್ಮ ದಾರಿಯಲ್ಲೇ ಬಂಕ್ ಇದೆಯಾ, ಸಂಜೆ ಸಾಲು ಎಷ್ಟುದ್ದ ಇರುತ್ತೆ ಅಂತ ಒಂದು ಸಲ ಹೋಗಿ ನೋಡಿಬನ್ನಿ.

ಪ್ರಶ್ನೆ: ಎಲೆಕ್ಟ್ರಿಕ್?

ಸ್ವಂತ ಮನೆ, ಸ್ವಂತ ಪಾರ್ಕಿಂಗ್, ಅಲ್ಲೇ ಚಾರ್ಜಿಂಗ್ ಪಾಯಿಂಟ್. ಈ ಮೂರೂ ಇದ್ದು, ದಿನದ ಓಡಾಟ ಊರೊಳಗೇ ಇದ್ದರೆ ಚೆನ್ನಾಗಿ ಹೊಂದುತ್ತದೆ. ಬಾಡಿಗೆ ಮನೆಯವರಿಗೆ ನಾನು ಹೇಳುವುದಿಲ್ಲ.

ಪ್ರಶ್ನೆ: ಅಗ್ರಹಾರದಲ್ಲಿ ಮನೆ, ಕಾರು ನಿಲ್ಲಿಸೋಕೆ ಜಾಗ ಇಲ್ಲ. ರಸ್ತೆ ಮೇಲೆ ನಿಲ್ಲಿಸಿದ್ರೆ ಆಗಲ್ವಾ?

ಆಗುತ್ತದೆ, ಪಕ್ಕದ ಮನೆಯವರು ಮಾತು ಬಿಡುವವರೆಗೆ. ಹತ್ತಿರದಲ್ಲಿ ಶೆಡ್ ಬಾಡಿಗೆಗೆ ಸಿಕ್ಕರೆ ಅದರ ದುಡ್ಡನ್ನೂ ಕಿಲೋಮೀಟರ್ ಲೆಕ್ಕಕ್ಕೆ ಸೇರಿಸಿ. ತಿಂಗಳಿಗೆ ಸಾವಿರ ಅಂದರೆ, 5,000 ಕಿಲೋಮೀಟರ್ ಓಡಿಸುವವರ ಖರ್ಚು 23ರಿಂದ 25 ರೂಪಾಯಿ ದಾಟುತ್ತದೆ.

ಪ್ರಶ್ನೆ: ಸಾಲ ಐದು ವರ್ಷಕ್ಕಾ, ಏಳು ವರ್ಷಕ್ಕಾ?

5 ಲಕ್ಷಕ್ಕೆ ಶೇ 9 ಬಡ್ಡಿ ಅಂತ ಹಿಡಿದರೆ ಐದು ವರ್ಷಕ್ಕೆ ತಿಂಗಳ ಕಂತು 10,379, ಒಟ್ಟು ಬಡ್ಡಿ 1.23 ಲಕ್ಷ. ಏಳು ವರ್ಷಕ್ಕೆ ಕಂತು 8,045, ಬಡ್ಡಿ 1.76 ಲಕ್ಷ. ತಿಂಗಳಿಗೆ 2,300 ಹಗುರಾಗಲಿ ಅಂತ 53,000 ಹೆಚ್ಚು ಕೊಡುತ್ತೀರಿ. ಐದು ವರ್ಷದ ಕಂತು ಭಾರ ಅನ್ನಿಸಿದರೆ ಕಾರನ್ನೇ ಒಂದು ಮೆಟ್ಟಿಲು ಕೆಳಗಿನದ್ದು ನೋಡುವುದು ವಾಸಿ. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಬರುವ ಮನೆಯವರು ಸಹಿ ಹಾಕುವ ಮೊದಲೇ, ನಡುವೆ ದೊಡ್ಡ ಮೊತ್ತ ಕಟ್ಟಿದರೆ ದಂಡ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ.

ಪ್ರಶ್ನೆ: ಆಷಾಢದಲ್ಲಿ ಡಿಸ್ಕೌಂಟ್ ಜಾಸ್ತಿಯಂತೆ. ಆಗಲೇ ತಗೊಂಡ್ರೆ?

ನಂಬಿಕೆ ಅಡ್ಡ ಬರದಿದ್ದರೆ ಧಾರಾಳವಾಗಿ. ಬುಕಿಂಗ್ ಇಲ್ಲದೆ ಶೋರೂಂ ತಣ್ಣಗಿರುತ್ತದೆ, ಮಾತು ಕೇಳುತ್ತಾರೆ. ಬೆಲೆಯನ್ನು ಆಷಾಢದಲ್ಲಿ ಬರೆಸಿಕೊಂಡು ಡೆಲಿವರಿಯನ್ನು ಶ್ರಾವಣದ ಮೊದಲ ವಾರಕ್ಕೆ ಇಟ್ಟುಕೊಳ್ಳುವ ಜಾಣರೂ ಇದ್ದಾರೆ. ಡಿಸೆಂಬರ್ ರಿಯಾಯಿತಿ ಇನ್ನೊಂದು ಬಗೆ: ಜನವರಿ ಬಂದರೆ ಆ ಕಾರು ಹೋದ ವರ್ಷದ ಮಾಡೆಲ್. ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅದರಿಂದ ನಷ್ಟವಿಲ್ಲ, ಮೂರು ವರ್ಷಕ್ಕೆ ಮಾರುವವರಿಗೆ ಇದೆ.

ಪ್ರಶ್ನೆ: ಡೆಲಿವರಿ ದಿನ ಏನೇನು ನೋಡಬೇಕು?

ಹಿಂದಿನ ದಿನವೇ ಹೋಗಿ ನೋಡಿ. ಹಾರ ಹಾಕಿ, ಕೇಕ್ ಕತ್ತರಿಸುವ ಗದ್ದಲದಲ್ಲಿ ಗೀಚು ಕಾಣುವುದಿಲ್ಲ. ಷಾಸಿ ನಂಬರ್ ಬಿಲ್ಲಿನದ್ದೂ ಕಾರಿನದ್ದೂ ಒಂದೇ ಇದೆಯಾ, ತಯಾರಾದ ತಿಂಗಳು ಯಾವುದು, ಮೀಟರ್ ಎಷ್ಟು ಓಡಿದೆ, ಸ್ಟೆಪ್ನಿ, ಜಾಕಿ, ಎರಡನೇ ಕೀ ಇದೆಯಾ ನೋಡಿಕೊಳ್ಳಿ. ಬಿಸಿಲಿಗೆ ತರಿಸಿ ಬಣ್ಣ ನೋಡಿ. ಟ್ಯೂಬ್‌ಲೈಟ್ ಕೆಳಗೆ ಬೇಡ.

ಪೂಜೆಗೆ ಬೆಟ್ಟಕ್ಕೋ ಗಂಜಾಂನ ನಿಮಿಷಾಂಬೆಗೋ ನಂಜನಗೂಡಿಗೋ ನಿಮ್ಮಿಷ್ಟ. ಆಷಾಢ ಶುಕ್ರವಾರಗಳಲ್ಲಿ ಮಾತ್ರ ಚಾಮುಂಡಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ, ಕೆಳಗೆ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲೇ ಹತ್ತಬೇಕು. ಹೊಸ ಕಾರಿನವರು ಬೇರೆ ದಿನ ನೋಡಿಕೊಳ್ಳಿ, ನಿಂಬೆಹಣ್ಣು ಮರೆಯಬೇಡಿ.